ಉರಿವ ಮನೆಯ ಗಳ ಹಿರಿಯುವವರು

ಉರಿಯುವ ಮನೆಯಲ್ಲಿ ಗಳ ಹಿರಿಯುವವನನ್ನು ಕಂಡರೆ ನಮ್ಮ ಹಿರಿಯರು ಹೇಸುತ್ತಿದ್ದರು. ಈಗ ಆ ಕಸಬಿಗೆ ಮರ್ಯಾದೆಯ ಹೆಸರು ಬಂದಿದೆ. ಅದನ್ನು ಹೂಡಿಕೆ ಎನ್ನುತ್ತಾರೆ. "ಬೆಲೆ ಬಿದ್ದಿದೆ, ಈಗಲೇ ಕೊಂಡುಬಿಡಿ" ಎಂಬುದು ಅದರ ಮಂತ್ರ. ಬೆಂಗಳೂರಿನ ಹಣವಂತನ ಎರಡು ಕಿವಿಗೆ ಇಬ್ಬರು ದಲ್ಲಾಳಿಗಳು ಈ ಮಂತ್ರ ಊದುತ್ತಾರೆ. ಒಬ್ಬ ಸಮುದ್ರದಾಚೆಯ ದ್ವೀಪದಲ್ಲಿ ಮನೆ ಅಗ್ಗ ಎನ್ನುತ್ತಾನೆ. ಇನ್ನೊಬ್ಬ ಕೊಡಗಿನ ಗುಡ್ಡದಲ್ಲಿ ತೋಟ ಅಗ್ಗ ಎನ್ನುತ್ತಾನೆ. ಏಕೆ ಅಗ್ಗವಾಯಿತು ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅದನ್ನು ಹೇಳುವುದು ಈ ಲೇಖನದ ಉದ್ದೇಶ.

ಭೂಮಿಯ ಬೆಲೆ ಮಳೆಯ ಹಾಗೆ ತಾನಾಗಿ ಬೀಳುವುದಿಲ್ಲ. ಬೆಲೆ ಬಿತ್ತು ಎಂದರೆ ಯಾರೋ ಒಬ್ಬ ಮನುಷ್ಯ ಬಿದ್ದಿದ್ದಾನೆ. ಅವನು ಎದ್ದು ನಿಲ್ಲುವುದರೊಳಗೆ ಅವನ ಕೈಯಿಂದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೇ ಅಗ್ಗದ ವ್ಯಾಪಾರದ ಗುಟ್ಟು. ಅವನನ್ನು ಎಬ್ಬಿಸಬೇಕಾದ ಸರ್ಕಾರ ಆ ಹೊತ್ತಿಗೆ ಏನು ಮಾಡುತ್ತಿರುತ್ತದೆ? ಪ್ರಶ್ನೆ ಇರುವುದು ಅಲ್ಲಿ.

ಗಾಳಿಬೀಡಿನ ಲೆಕ್ಕ

ಮಡಿಕೇರಿ ತಾಲ್ಲೂಕಿನ ಗಾಳಿಬೀಡು ನವೋದಯ ವಿದ್ಯಾಲಯ ಇರುವ ಊರು. ಕಾಫಿ, ಏಲಕ್ಕಿ, ಒಳ್ಳೆಮೆಣಸು, ಕಣಿವೆಯಲ್ಲಿ ಭತ್ತದ ಗದ್ದೆ. ಇದೇ ಅಲ್ಲಿನ ಬದುಕು. ದೊಡ್ಡ ಕಂಪನಿಗಳ ತೋಟಗಳಿರುವುದು ಹೆಚ್ಚಾಗಿ ದಕ್ಷಿಣ ಕೊಡಗಿನ ಕಡೆ. ಈ ಭಾಗದಲ್ಲಿ ಎರಡೆಕರೆ, ಐದೆಕರೆಯ ಸಣ್ಣ ಹಿಡುವಳಿದಾರರು, ಅವರ ತೋಟಕ್ಕೆ ಕೂಲಿಗೆ ಹೋಗುವ ಭೂಮಿಯಿಲ್ಲದವರು ಬಹಳ.

2018ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಈ ಸೀಮೆಯ ಗುಡ್ಡಗಳು ಕುಸಿದವು. ಗಾಳಿಬೀಡು, ಕಾಲೂರು, ದೇವಸ್ತೂರು, ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಎರಡನೇ ಮೊಣ್ಣಂಗೇರಿ, ಜೋಡುಪಾಲ ಮುಂತಾದ ಹೆಸರುಗಳು ಆ ವಾರ ನಾಡಿಗೆಲ್ಲ ಗೊತ್ತಾದವು. ಜೀವಹಾನಿಯಾಯಿತು, ಮನೆಗಳು ಹೂತುಹೋದವು, ಗದ್ದೆಯ ಮೇಲೆ ಆಳೆತ್ತರ ಕೆಸರು ನಿಂತಿತು. ಮಡಿಕೇರಿಯಿಂದ ಸಂಪಾಜೆಯ ಕಡೆ ಇಳಿಯುವ ಹೆದ್ದಾರಿಯೇ ಮುಚ್ಚಿತು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರು, ಗಾಳಿಬೀಡು ಮೊದಲಾದ ಕಡೆ ಹೊಸ ಮನೆಗಳನ್ನು ಕಟ್ಟಿಕೊಡುವ ಕೆಲಸ ನಡೆಯಿತು. ಮನೆ ಬಂದದ್ದು ಒಳ್ಳೆಯದೇ, ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮನೆಯ ಸುತ್ತ ಇದ್ದ ತೋಟದ ಗತಿ? ಮನೆಯಲ್ಲಿ ಒಲೆ ಉರಿಯಬೇಕಾದರೆ ತೋಟ ಬೇಕಲ್ಲವೆ?

ಇಲ್ಲಿ ಒಂದು ಲೆಕ್ಕ ಹಾಕೋಣ. ಭೂಕುಸಿತದಲ್ಲಿ ಭೂಮಿಯೇ ಕೊಚ್ಚಿಹೋದರೆ ವಿಪತ್ತು ಪರಿಹಾರ ನಿಧಿಯಿಂದ ಎಷ್ಟು ಕೊಡಬೇಕೆಂದು ಕೇಂದ್ರ ಸರ್ಕಾರ ಮಾನದಂಡ ಬರೆದಿದೆ. 2018ರಲ್ಲಿ ಜಾರಿಯಲ್ಲಿದ್ದ ಮಾನದಂಡದ ಪ್ರಕಾರ ಹೆಕ್ಟೇರಿಗೆ 37,500 ರೂಪಾಯಿ. ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಒಂದು ಹೆಕ್ಟೇರೆಂದರೆ ಎರಡೂವರೆ ಎಕರೆ. ಅಂದರೆ ಎಕರೆಗೆ ಸುಮಾರು 15 ಸಾವಿರ ರೂಪಾಯಿ. ಕಾಫಿಯಂಥ ಬಹುವಾರ್ಷಿಕ ಬೆಳೆ ಹಾಳಾದರೆ ಹೆಕ್ಟೇರಿಗೆ 18,000. 2022ರಲ್ಲಿ ಪರಿಷ್ಕರಿಸಿದಾಗ ಕೊಚ್ಚಿಹೋದ ಭೂಮಿಯ ಬೆಲೆ ಹೆಕ್ಟೇರಿಗೆ 47,000ಕ್ಕೆ ಏರಿತು. ಎಕರೆಗೆ 19 ಸಾವಿರ! ಅಜ್ಜನ ಕಾಲದಿಂದ ಕಟ್ಟಿದ ತೋಟಕ್ಕೆ ಸರ್ಕಾರ ಹಾಕಿದ ಬೆಲೆ ಒಂದು ಒಳ್ಳೆಯ ಮೊಬೈಲ್ ಫೋನಿನ ಬೆಲೆ.

ಈಗ ಆ ರೈತನ ಎದುರಿನ ದಾರಿ ನೋಡಿ. ಹೊಸದಾಗಿ ಕಾಫಿ ಗಿಡ ನೆಟ್ಟರೆ ಮೊದಲ ಫಸಲು ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು. ತುಂಬು ಫಸಲಿಗೆ ಇನ್ನೂ ಕೆಲವು ವರ್ಷ. ನೆರಳಿನ ಮರ ಬೆಳೆಯಲು ಒಂದು ತಲೆಮಾರು. ಅಷ್ಟರಲ್ಲಿ ಸಾಲದ ಬಡ್ಡಿ ನಿಲ್ಲುತ್ತದೆಯೆ? ಉದಾಹರಣೆಗೆ ಅವನಿಗೆ ಎರಡೆಕರೆ ಇತ್ತು, ತಲೆಯ ಮೇಲೆ 5 ಲಕ್ಷ ಸಾಲ ಇತ್ತು, ಬಡ್ಡಿ ಶೇಕಡಾ 12 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಬಡ್ಡಿಯೇ 60 ಸಾವಿರ. ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ. ಎರಡೆಕರೆಗೆ ಬಂದ ಪರಿಹಾರ 30 ಸಾವಿರ. ಅದು ಆರು ತಿಂಗಳ ಬಡ್ಡಿಗೆ ಸರಿಹೋಯಿತು. ಉಳಿದ ಮೂರೂವರೆ ವರ್ಷ ಅವನು ಏನು ತಿನ್ನಬೇಕು? ಮಗಳ ಕಾಲೇಜಿನ ಶುಲ್ಕವನ್ನು ಎಲ್ಲಿಂದ ಕಟ್ಟಬೇಕು? ಐದನೆಯ ತರಗತಿಯ ಮಕ್ಕಳೂ ಮಾಡಬಲ್ಲ ಈ ಲೆಕ್ಕವನ್ನು ವಿಧಾನಸೌಧದಲ್ಲಿ ಯಾರೂ ಮಾಡಲಿಲ್ಲ. ದಲ್ಲಾಳಿ ಮಾಡಿದ!

ದಲ್ಲಾಳಿ ಗುಡ್ಡ ಕುಸಿದ ಜಾಗಕ್ಕೆ ಬರುವುದಿಲ್ಲ. ಅದರ ಪಕ್ಕದ, ಕುಸಿಯದೆ ಉಳಿದ, ಆದರೆ ದಾರಿ ಕಡಿದುಹೋದ, ಕೆಲಸದಾಳು ಹೆದರಿ ಬಿಟ್ಟುಹೋದ ತೋಟಕ್ಕೆ ಬರುತ್ತಾನೆ. "ಎಕರೆಗೆ ಇಷ್ಟು ಕೊಡುತ್ತೇನೆ, ನಾಳೆಯೇ ರಿಜಿಸ್ಟರು" ಎನ್ನುತ್ತಾನೆ. ಅವನು ಹೇಳುವ ಬೆಲೆ ಹಿಂದಿನ ವರ್ಷದ ಬೆಲೆಯ ಪಕ್ಕದಲ್ಲಿ ಅನ್ಯಾಯ. ಸರ್ಕಾರ ಕೊಟ್ಟ 15 ಸಾವಿರದ ಪಕ್ಕದಲ್ಲಿ ಧರ್ಮ! ಹೀಗೆ ಭೂಮಿಯ ಬೆಲೆಯನ್ನು ಮೊದಲು ಇಳಿಸಿದ್ದು ಪೇಟೆಯಲ್ಲ, ಸರ್ಕಾರದ ಮಾನದಂಡ. ದಲ್ಲಾಳಿ ಆ ಮೆಟ್ಟಿಲಿನ ಮೇಲೆ ಕಾಲಿಟ್ಟು ಹತ್ತಿದ, ಅಷ್ಟೆ.

ಆಮೇಲೆ ಏನಾಯಿತೆಂಬುದನ್ನೂ ನೋಡಿ. 2018ರ ಸುಮಾರಿಗೆ 50 ಕಿಲೋ ಚೀಲದ ರೋಬಸ್ಟಾ ಚೆರಿ 4 ಸಾವಿರ ರೂಪಾಯಿಯ ಒಳಗೇ ಇತ್ತು. ವಿಯೆಟ್ನಾಮಿನಲ್ಲಿಯೂ ಬ್ರೆಜಿಲ್ಲಿನಲ್ಲಿಯೂ ಬೆಳೆ ಕಡಿಮೆಯಾಗಿ, 2024ರಲ್ಲಿ ಅದೇ ಚೀಲ 10 ಸಾವಿರ ದಾಟಿತು. ಬೆಲೆ ಬಿದ್ದಾಗ ಮಾರಿದವನಿಗೆ ಆ 10 ಸಾವಿರದಲ್ಲಿ ಒಂದು ಕಾಸೂ ಇಲ್ಲ. ಸಾಲದ ಭಯದಲ್ಲಿ ಒಂದು ವಾರದೊಳಗೆ ಹಾಕಿದ ಸಹಿಯಿಂದ ಇಡೀ ತಲೆಮಾರಿನ ಗಳಿಕೆ ಕೈ ಬದಲಾಯಿತು. ಇದಕ್ಕೆ ವ್ಯಾಪಾರ ಎನ್ನುವುದಾದರೆ ಸೂರೆಗೆ ಬೇರೆ ಹೆಸರು ಹುಡುಕಬೇಕು.

ಸಮುದ್ರದಾಚೆಯ ಅಣ್ಣತಮ್ಮಂದಿರು

ಇನ್ನು ಮೊದಲನೆಯ ದಲ್ಲಾಳಿಯ ದ್ವೀಪಕ್ಕೆ ಹೋಗಿ ಬರೋಣ. ಕೆರಿಬಿಯನ್ ಸಮುದ್ರದ ದ್ವೀಪಗಳು ನಮಗೆ ವೆಸ್ಟ್ ಇಂಡೀಸ್ ಎಂದು ಕ್ರಿಕೆಟ್ಟಿನ ಮೂಲಕ ಗೊತ್ತು. ವಿವಿಯನ್ ರಿಚರ್ಡ್ಸ್ ಹುಟ್ಟಿದ್ದು ಅವುಗಳಲ್ಲೊಂದಾದ ಆಂಟಿಗುವಾದಲ್ಲಿ. ಅದರ ಪಕ್ಕದ ಪುಟ್ಟ ದ್ವೀಪ ಬಾರ್ಬುಡಾ. ಎರಡೂ ಸೇರಿ ಒಂದು ದೇಶ. ಬಾರ್ಬುಡಾದಲ್ಲಿ ಇದ್ದವರು ಎರಡು ಸಾವಿರಕ್ಕೂ ಕಡಿಮೆ ಜನ. ಎಲ್ಲರೂ ಹಿಂದೆ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ಅಲ್ಲಿ ಭೂಮಿ ಯಾರ ಸ್ವಂತದ್ದೂ ಆಗಿರಲಿಲ್ಲ. ಊರಿನವರೆಲ್ಲರ ಸಾಮಾನ್ಯ ಸ್ವತ್ತು. 2007ರಲ್ಲಿ ಕಾಯಿದೆಯೂ ಅದನ್ನೇ ಬರೆದು ಖಚಿತಪಡಿಸಿತು: ಬಾರ್ಬುಡಾದ ಭೂಮಿ ಅಲ್ಲಿನ ಜನರದು, ಮಾರಾಟಕ್ಕಿಲ್ಲ.

2017ರ ಸೆಪ್ಟೆಂಬರ್ ಮೊದಲ ವಾರ ಇರ್ಮಾ ಎಂಬ ಚಂಡಮಾರುತ ಆ ದ್ವೀಪದ ಮೇಲೆ ಹಾದುಹೋಯಿತು. ಹೆಚ್ಚುಕಡಿಮೆ ಎಲ್ಲ ಮನೆಗಳೂ ಮುರಿದವು. ಇಡೀ ದ್ವೀಪದ ಜನರನ್ನು ದೋಣಿ ಹತ್ತಿಸಿ ಆಂಟಿಗುವಾಕ್ಕೆ ಸಾಗಿಸಿದರು. ಜನ ಇನ್ನೂ ಆಸರೆಯ ಶಿಬಿರಗಳಲ್ಲಿ ಮಲಗಿದ್ದಾಗಲೇ ಅತ್ತ ಖಾಲಿ ದ್ವೀಪದಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ನೆಲ ಸಮಮಾಡುವ ಯಂತ್ರಗಳು ಇಳಿದವು. ಇತ್ತ ರಾಜಧಾನಿಯಲ್ಲಿ ಸಾಮಾನ್ಯ ಸ್ವತ್ತಿನ ಕಾಯಿದೆಯನ್ನು ತಿದ್ದುವ ಮಸೂದೆ ಬಂತು. ಭೂಮಿಗೆ ಸ್ವಂತದ ಹಕ್ಕುಪತ್ರ ಕೊಡುತ್ತೇವೆ, ಅದನ್ನು ಅಡವಿಟ್ಟು ಮನೆ ಕಟ್ಟಿಕೊಳ್ಳಿ ಎಂದರು. ಅಡವಿಡಬಹುದಾದ ಭೂಮಿಯನ್ನು ಮಾರಲೂಬಹುದು ಎಂದು ಬಾರ್ಬುಡಾದ ಜನಕ್ಕೆ ಗೊತ್ತಿರಲಿಲ್ಲವೆ? ಗೊತ್ತಿತ್ತು, ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಯಾಕೆಂದರೆ ಕಡಲ ದಂಡೆಗೆ ಗಿರಾಕಿಗಳು ಮೊದಲೇ ಬಂದು ಕಾದಿದ್ದರು. ಹಾಲಿವುಡ್ ನಟ ರಾಬರ್ಟ್ ಡಿ ನಿರೋ ಅವರ ವಿಹಾರಧಾಮದ ಯೋಜನೆಗಾಗಿ 2015ರಲ್ಲಿಯೇ ಒಂದು ಪ್ರತ್ಯೇಕ ಕಾಯಿದೆ ಆಗಿತ್ತು.

ಅದೇ ಚಂಡಮಾರುತದ ಬೆನ್ನಿಗೆ ಇನ್ನೊಂದು ಅಗ್ಗದ ಮಾರಾಟವೂ ನಡೆಯಿತು. ಆ ದ್ವೀಪ ರಾಜ್ಯಗಳಲ್ಲಿ ದುಡ್ಡು ಕಟ್ಟಿದವರಿಗೆ ಪೌರತ್ವವನ್ನೇ ಮಾರುತ್ತಾರೆ. ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶ 1984ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಮನೆ ಕೊಂಡರೆ ಪೌರತ್ವ, ಸರ್ಕಾರದ ನಿಧಿಗೆ ಹಣ ಕೊಟ್ಟರೂ ಪೌರತ್ವ. 2017ರ ಸೆಪ್ಟೆಂಬರಿನಲ್ಲಿ ಅದು ಚಂಡಮಾರುತ ಪರಿಹಾರದ ಹೆಸರಿನಲ್ಲಿ ದರವನ್ನು ಒಂದೂವರೆ ಲಕ್ಷ ಡಾಲರಿಗೆ ಇಳಿಸಿತು. ಮರುತಿಂಗಳು ಆಂಟಿಗುವಾ ತನ್ನ ನಿಧಿಯ ದರವನ್ನು 2 ಲಕ್ಷದಿಂದ 1 ಲಕ್ಷಕ್ಕೆ ಇಳಿಸಿ ಪೈಪೋಟಿ ನಡೆಸಿತು. ಮನೆ ಮುರಿದವರು ಡೇರೆಯಲ್ಲಿ, ಪೌರತ್ವ ಅರ್ಧ ಬೆಲೆಯಲ್ಲಿ! ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾವಿರಾರು ಕೋಟಿಯ ವಂಚನೆ ಮೊಕದ್ದಮೆಯ ಆರೋಪಿ ಮೆಹುಲ್ ಚೋಕ್ಸಿಗೆ ಆಂಟಿಗುವಾದ ಪೌರತ್ವ ಮಂಜೂರಾದದ್ದು ಅದೇ 2017ರ ನವೆಂಬರಿನಲ್ಲಿ. 2018ರ ಜನವರಿಯಲ್ಲಿ ಅವನು ಭಾರತ ಬಿಟ್ಟ. 2025ರ ಏಪ್ರಿಲಿನಲ್ಲಿ ಬೆಲ್ಜಿಯಮಿನಲ್ಲಿ ಬಂಧನವಾಯಿತು. ಬಾರ್ಬುಡಾದ ಮೀನುಗಾರ ತನ್ನ ಊರಿಗೇ ಮರಳಲಾರದೆ ಇದ್ದ ದಿನಗಳಲ್ಲಿ ಮುಂಬಯಿಯ ವಜ್ರದ ವ್ಯಾಪಾರಿ ಆ ದೇಶದ ಪ್ರಜೆಯಾದ.

ನಮ್ಮ ಸರ್ಕಾರವೂ ಇಂಥ ಪ್ರಯಾಣಕ್ಕೆ ಬಾಗಿಲು ತೆರೆದೇ ಇಟ್ಟಿದೆ. ರಿಸರ್ವ್ ಬ್ಯಾಂಕಿನ ಉದಾರ ಹಣ ರವಾನೆಯ ಯೋಜನೆ 2004ರಲ್ಲಿ ಆರಂಭವಾದಾಗ ಒಬ್ಬನು ಹೊರದೇಶಕ್ಕೆ ಕಳಿಸಬಹುದಾದ ಮಿತಿ 25 ಸಾವಿರ ಡಾಲರು. 2015ರಿಂದ ಅದು ವರ್ಷಕ್ಕೆ ಎರಡೂವರೆ ಲಕ್ಷ ಡಾಲರು. ಪರದೇಶದಲ್ಲಿ ಮನೆ, ನಿವೇಶನ ಕೊಳ್ಳಲೂ ಆ ಹಣ ಬಳಸಬಹುದು. ಆ ಮಿತಿ ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಿಗೂ ಒಂದೊಂದು. ಇಲ್ಲಿ ಕೊಚ್ಚಿಹೋದ ಒಂದೆಕರೆಗೆ 15 ಸಾವಿರ ರೂಪಾಯಿ ಸಾಕು ಎಂದವರು ಅಲ್ಲಿ ಮನೆ ಕೊಳ್ಳಲು ತಲೆಗೆ ಎರಡೂವರೆ ಲಕ್ಷ ಡಾಲರು ಬೇಕು ಎಂದು ಒಪ್ಪುತ್ತಾರೆ.

1834

ಈ ಎರಡು ಸೀಮೆಗಳ ನಂಟು ಹೊಸದೇನೂ ಅಲ್ಲ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದರು. ಅದೇ 1834ರ ಆಗಸ್ಟ್ 1ರಂದು ಅವರ ವೆಸ್ಟ್ ಇಂಡೀಸ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದ ಕಾಯಿದೆ ಜಾರಿಗೆ ಬಂತು. ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ? ಬೆನ್ನ ಮೇಲೆ ಬಾಸುಂಡೆ ಹೊತ್ತ ಗುಲಾಮರಿಗೆ ಒಂದು ಪೈಸೆಯೂ ಇಲ್ಲ. ಪೂರ್ತಿ ಅವರ ಒಡೆಯರಿಗೆ.

ಪುಕ್ಕಟೆ ದುಡಿತ ನಿಂತ ಮೇಲೆ ಆ ದ್ವೀಪಗಳ ಕಾಫಿ ತೋಟಗಳ ಬೆಲೆ ಕುಸಿಯಿತು. ಬಂಡವಾಳಕ್ಕೆ ಕಾಲು ಬಂತು. ಅದು ಮೊದಲು ಸಿಂಹಳಕ್ಕೆ ಹೋಯಿತು, ಅಲ್ಲಿಂದ ನಮ್ಮ ಘಟ್ಟಗಳಿಗೂ ಬಂತು. 1854ರಲ್ಲಿ ಫೌಲರ್ ಎಂಬ ಯೂರೋಪಿಯನ್ನು ಮಡಿಕೇರಿಯ ಬಳಿ ತೋಟ ತೆರೆದ. ಆಗ ನಮ್ಮ ಕೊಡಗೇ ಲಂಡನ್ನಿನ ಹಣವಂತನಿಗೆ ಪರದೇಶದ ಅಗ್ಗದ ಭೂಮಿ! ಅತ್ತ ಗುಲಾಮರು ಬಿಟ್ಟುಹೋದ ಕಬ್ಬಿನ ತೋಟಗಳಿಗೆ 1838ರಿಂದ ಭಾರತದ ಬಡವರನ್ನು ಕರಾರಿನ ಕೂಲಿಗಳಾಗಿ ಹಡಗಿಗೆ ತುಂಬಿ ಕಳಿಸಿದರು. ಭೂಮಿ ಕೊಳ್ಳುವ ಹಣಕ್ಕೆ ಎಲ್ಲ ದೇಶವೂ ತೆರೆದಿತ್ತು. ದುಡಿಯುವ ಕೈಗೆ ಕರಾರು ತೋರಿಸಿದ ತೋಟವೊಂದೇ. ಈ ವ್ಯವಸ್ಥೆ ಇಂದಿಗೂ ಹೆಸರು ಬದಲಿಸಿಕೊಂಡು ಉಳಿದಿದೆ.

ಬೇಲಿ ಕಿತ್ತವರು ಯಾರು?

ಕಾಯಿದೆ ಇರಲಿಲ್ಲವೆ ಎಂದು ಕೇಳುವವರಿಗೆ ಉತ್ತರ: ಇತ್ತು, ಅದರಲ್ಲಿ ತೂತೂ ಇತ್ತು. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲು ತುಂಬಿದರು; ಡಾಕ್ಟರ್ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಶಾಸನಸಭೆಗೆ ಹೋದದ್ದು ಹೀಗೆ ಬೀದಿಯಿಂದ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. 79ಎ, 79ಬಿ ಎಂಬ ಕಲಮುಗಳು ಹೊರಗಿನ ಆದಾಯ ಹೆಚ್ಚಿರುವವರೂ ಉಳದವರೂ ಕೃಷಿ ಭೂಮಿ ಕೊಳ್ಳದಂತೆ ತಡೆದವು.

ಆದರೆ ಅದೇ ಕಾಯಿದೆಯ 104ನೆಯ ಕಲಮು ಕಾಫಿ, ಏಲಕ್ಕಿ, ಮೆಣಸು, ಚಹ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟಿತು. ಕಾಫಿ ಗಿಡ ಇದ್ದರೆ ಯಾರು ಬೇಕಾದರೂ ಕೊಳ್ಳಬಹುದು ಎಂಬುದು ಕೊಡಗಿನ ದಲ್ಲಾಳಿಗಳ ಬಾಯಿಪಾಠ. ಹೀಗೆ ತೋಟದ ಬಾಗಿಲು ಮೊದಲಿನಿಂದಲೂ ತೆರೆದಿತ್ತು. ಗದ್ದೆಗೆ ಮಾತ್ರ ಬೇಲಿಯಿತ್ತು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿ ಆ ಬೇಲಿಯನ್ನು ತಗ್ಗಿಸಿದರು. 2020ರ ಜುಲೈಯಲ್ಲಿ, ಕೊರೋನಾ ಕಾಯಿಲೆಗೆ ಹೆದರಿ ಜನ ಮನೆಯೊಳಗಿದ್ದಾಗ, ಸುಗ್ರೀವಾಜ್ಞೆ ಹೊರಡಿಸಿ ಬೇಲಿಯನ್ನೇ ಕಿತ್ತರು. ಅದೇ ವರ್ಷದ ಕೊನೆಗೆ ಅದು ಕಾಯಿದೆಯೂ ಆಯಿತು. 79ಎ, 79ಬಿ, 79ಸಿ ಕಲಮುಗಳನ್ನು ಆ ದಿನದಿಂದ ತೆಗೆಯಲಿಲ್ಲ. 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಎಂಬಂತೆ ತೆಗೆದರು. ನ್ಯಾಯಾಲಯಗಳಲ್ಲಿ ಬಾಕಿ ಇದ್ದ ಮೊಕದ್ದಮೆಗಳೂ ಮುಗಿದವು. ನಲವತ್ತಾರು ವರ್ಷದ ಅಕ್ರಮ ಒಂದೇ ಸಾಲಿನಲ್ಲಿ ಸಕ್ರಮ! ಬಾರ್ಬುಡಾದ ಜನ ಶಿಬಿರದಲ್ಲಿದ್ದಾಗ ಅವರ ಕಾಯಿದೆ ತಿದ್ದಿದರು. ನಮ್ಮ ಜನ ಮನೆಯಲ್ಲಿ ಕೂಡಿಹೋಗಿದ್ದಾಗ ನಮ್ಮ ಕಾಯಿದೆ ತಿದ್ದಿದರು.

ಅವರ ವಾದ, ನಮ್ಮ ಉತ್ತರ

"ಕೊಳ್ಳುವವನೇ ಬಾರದಿದ್ದರೆ ಮಾರುವ ಬಡವನ ಗತಿ ಏನು? ನಾವು ಅವನಿಗೆ ಉಪಕಾರವನ್ನೇ ಮಾಡಿದ್ದೇವೆ" ಎಂದು ಒಂದು ವಾದ. ಈ ಮಾತಿನಲ್ಲಿ ಒಂದು ನಿಜ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಮಾರಾಟವನ್ನು ಬರಿದೇ ನಿಷೇಧಿಸಿದರೆ ಸಾಲಗಾರ ರೈತ ನೇಣಿಗೆ ಕೊರಳು ಕೊಡುತ್ತಾನೆ. ಆದುದರಿಂದ ನಾವು ಕೇಳುವುದು ಬರೀ ನಿಷೇಧವನ್ನಲ್ಲ. ಅವನು ಮಾರಲೇಬೇಕಾದರೆ ನ್ಯಾಯದ ಬೆಲೆಗೆ ಕೊಳ್ಳುವ ಇನ್ನೊಬ್ಬ ಗಿರಾಕಿ ಇರಲಿ, ಆ ಗಿರಾಕಿ ಸಾರ್ವಜನಿಕ ಸಂಸ್ಥೆಯಾಗಿರಲಿ ಎನ್ನುತ್ತೇವೆ. ಒಬ್ಬನೇ ಗಿರಾಕಿ ಇರುವ ಸಂತೆಯಲ್ಲಿ ಬೆಲೆ ಹೇಳುವವನು ಗಿರಾಕಿಯೇ. ಇದನ್ನು ನಮ್ಮ ವ್ಯಾಪಾರಿ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

"ಹೊರಗಿನವರು ಬಂದು ಕೊಡಗನ್ನು ಹಾಳುಮಾಡಿದರು" ಎಂಬುದು ಇನ್ನೊಂದು ಕೂಗು. ಇದು ನಮ್ಮ ಕೂಗಲ್ಲ. ಇಂದು ಕಾಫಿ ಕೊಯ್ಯಲು ಅಸ್ಸಾಮಿನಿಂದ ಬರುವವನೂ ಹೊರಗಿನವನೇ. ಅವನು ಯಾವ ಗುಡ್ಡವನ್ನು ಕೊಂಡ? ಅಗ್ಗದ ತೋಟಕ್ಕೆ ಗಿರಾಕಿ ತಂದು ಕಮಿಷನ್ನು ತಿಂದವನು ಬಹಳ ಸಲ ಇದೇ ಊರಿನವನು. ಜಮ್ಮಾ ಭೂಮಿ ಒಕ್ಕದ ಹೆಸರಿನಲ್ಲಿ ನಿಂತು ತಲೆಮಾರುಗಳ ಕಾಲ ಪರರ ಪಾಲಾಗದೆ ಉಳಿಯಿತು ಎಂಬುದು ಸತ್ಯ. ಆದರೆ ಆ ಭೂಮಿಯನ್ನು ಉತ್ತ ಯರವನಿಗೂ ಹೊಲೆಯನಿಗೂ ಜಮ್ಮಾ ಇರಲಿಲ್ಲ ಎಂಬುದೂ ಸತ್ಯ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕಿತ್ತುಹಾಕಿದರು. ತೋಟದ ಲೈನ್ ಮನೆಗಳ ಜೀತ ಬೇಡವೆಂದು ಬಂದವರೂ ಅವರಲ್ಲಿದ್ದರು. ಅವರು ಕೇಳಿದ್ದು ತಲೆ ಊರಲು ಒಂದು ತುಂಡು ನೆಲ. ಕೊಡಗಿನಲ್ಲಿ ಜಾಗವಿಲ್ಲ ಎಂದು ಅವರನ್ನು ಅಲೆದಾಡಿಸಿದ ಜಿಲ್ಲೆಯಲ್ಲಿ ರೆಸಾರ್ಟಿಗೆ ಮೂವತ್ತು ಎಕರೆ ಸಿಗುತ್ತದೆ! ಗೆರೆ ಎಳೆಯಬೇಕಾದದ್ದು ಒಳಗಿನವ ಹೊರಗಿನವ ಎಂದಲ್ಲ, ದುಡಿದು ತಿನ್ನುವವ ಬಿದ್ದ ಬೆಲೆಗೆ ಕಾದು ಕೂರುವವ ಎಂದು.

"ಹೋಂ ಸ್ಟೇ, ರೆಸಾರ್ಟುಗಳಿಂದ ನೌಕರಿ ಬರುತ್ತದೆ" ಎಂಬುದು ಮೂರನೆಯ ವಾದ. ಬರುತ್ತದೆ, ಮಳೆ ಬಂದಾಗ ಹೋಗುತ್ತದೆ. 2018ರ ಆಗಸ್ಟಿನಲ್ಲಿ ಜಿಲ್ಲೆಯಲ್ಲಿ ಮೊದಲು ನಿಂತದ್ದೇ ಪ್ರವಾಸಿಗರ ಬರವು. ಅದೂ ಅಲ್ಲದೆ, ಆ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿದ್ದೇನು? ರಸ್ತೆಗೆ, ಮನೆಗೆ, ವಸತಿಗೃಹಗಳಿಗೆ ಎಂದು ಇಳಿಜಾರನ್ನು ಕಡಿದು ಬರೆ ನಿಲ್ಲಿಸಿದ್ದು ಮುಖ್ಯ ಕಾರಣ ಎಂದು. ಕಡಿದ ಬರೆಯ ಬುಡಕ್ಕೆ ಆಸರೆಯಿಲ್ಲ, ನೀರು ಹರಿಯುವ ತೋಡು ಮುಚ್ಚಿಹೋಗಿದೆ, ಮೇಲೆ ವಾರಗಟ್ಟಲೆ ಮಳೆ. ಹಾಗಾದರೆ ಗುಡ್ಡ ಕಡಿದದ್ದರಿಂದ ಕುಸಿತ, ಕುಸಿತದಿಂದ ಅಗ್ಗ, ಅಗ್ಗವಾದದ್ದರಿಂದ ಹೊಸ ಗಿರಾಕಿ, ಹೊಸ ಗಿರಾಕಿ ಬಂದು ಮತ್ತೆ ಗುಡ್ಡ ಕಡಿಯುತ್ತಾನೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇನ್ನೆಷ್ಟು ಪಾಠ ಬೇಕು?

ಗಿರಣಿಯವನಿಗೂ ಅಂಗಡಿಯವನಿಗೂ ಇದರಿಂದೇನು?

ಗುಡ್ಡದ ಮೇಲಿನ ರೈತನ ಗೋಳು ಗಿರಣಿ ಕಾರ್ಮಿಕನಿಗೇಕೆ ಎಂದು ಕೇಳಬಹುದು. ಭೂಮಿ ಮಾರಿದವನ ಮಗ ನಾಳೆ ನಿಮ್ಮ ಗಿರಣಿಯ ಗೇಟಿಗೆ ಬರುತ್ತಾನೆ. ಅವನ ಹಸಿವು ನಿಮ್ಮ ಕೂಲಿಯ ದರವನ್ನು ಇಳಿಸುತ್ತದೆ. ಕಾಫಿ ಸಂಸ್ಕರಣೆಯ ಶೆಡ್ಡುಗಳಲ್ಲಿಯೂ ಅಕ್ಕಿ ಗಿರಣಿಗಳಲ್ಲಿಯೂ ಗುತ್ತಿಗೆಯ ಆಳಾಗಿ ದುಡಿಯುವವರಲ್ಲಿ ನಿನ್ನೆಯ ಹಿಡುವಳಿದಾರರು ಎಷ್ಟು ಮಂದಿ ಎಂದು ನಿಮ್ಮ ಪಕ್ಕದಲ್ಲಿ ನಿಂತವನನ್ನೇ ಕೇಳಿ.

ಅಂಗಡಿಯವನು ಮಡಿಕೇರಿಯ ಶುಕ್ರವಾರದ ಸಂತೆಯನ್ನು ನೆನೆಯಲಿ. ಇಪ್ಪತ್ತು ಸಣ್ಣ ತೋಟದ ಮನೆಗಳಿದ್ದರೆ ಇಪ್ಪತ್ತು ಚೀಲ ದಿನಸಿ, ಇಪ್ಪತ್ತು ಮನೆಯ ಬಟ್ಟೆ, ಚಪ್ಪಲಿ, ಕತ್ತಿ, ಗೊಬ್ಬರ. ಆ ಇಪ್ಪತ್ತೂ ಸೇರಿ ಒಬ್ಬನ ಪಾಲಾದರೆ ಅವನು ಶನಿವಾರ ಬೆಂಗಳೂರಿನಿಂದ ಡಿಕ್ಕಿಯಲ್ಲಿ ಸಾಮಾನು ತುಂಬಿಕೊಂಡು ಬಂದು ಭಾನುವಾರ ಹೋಗುತ್ತಾನೆ. ನಿಮ್ಮ ತಕ್ಕಡಿಗೆ ಕೆಲಸವಿಲ್ಲ. ಆದರೆ ನಿಮ್ಮ ಅಂಗಡಿಯ ಬಾಡಿಗೆ ಮಾತ್ರ ಅವನು ಏರಿಸಿದ ಬೆಲೆಯ ಲೆಕ್ಕದಲ್ಲಿ ಏರುತ್ತದೆ.

ಇನ್ನೂ ಒಂದು ಅಪಾಯ ನೇರವಾಗಿ ನಿಮ್ಮ ಕಿಸೆಗೇ ಬರುತ್ತದೆ. ಅಗ್ಗವಾಗಿ ಕೊಂಡ ತೋಟವನ್ನು ತುಂಡು ಮಾಡಿ, "ಕಾಫಿ ತೋಟದೊಳಗೆ ಹತ್ತು ಸೆಂಟು, ಕಂತಿನಲ್ಲಿ ಕಟ್ಟಿ" ಎಂದು ಭವಿಷ್ಯನಿಧಿಯ ಹಣ ಕೈಗೆ ಬಂದ ಕಾರ್ಮಿಕನ ಮುಂದೆ ಹಿಡಿಯುತ್ತಾರೆ. ಮುಂಗಡ ಕೊಡುವ ಮೊದಲು ನಾಲ್ಕು ಕಾಗದ ಕೇಳಿ. ಪಹಣಿಯ 9ನೆಯ ಅಂಕಣದಲ್ಲಿ ಯಾರ ಹೆಸರಿದೆ, ಅದು ಒಕ್ಕದ ಜಂಟಿ ಹೆಸರೆ? 11ನೆಯ ಅಂಕಣದಲ್ಲಿ ಯಾವ ಸಾಲ, ಯಾವ ಋಣ ನಮೂದಾಗಿದೆ? ನಿಮ್ಮ ತುಂಡಿಗೆ ಪ್ರತ್ಯೇಕ 11ಇ ನಕ್ಷೆ ಆಗಿದೆಯೆ? ಮನೆ ಕಟ್ಟಲು ಭೂಪರಿವರ್ತನೆಯ ಆದೇಶ ಇದೆಯೆ? ಇವು ಇಲ್ಲದಿದ್ದರೆ ನೀವು ಕೊಂಡದ್ದು ಭೂಮಿಯಲ್ಲ, ಬಣ್ಣದ ಚೀಟಿ. ಇವೆಲ್ಲ ಇದ್ದರೂ ಕಡಿದ ಇಳಿಜಾರಿನ ಮೇಲೆ ಮನೆ ಕಟ್ಟಬೇಡಿ. ಅಗ್ಗವಾಗಿ ಕೊಂಡ ದೊಡ್ಡವನು ತನ್ನ ಅಪಾಯವನ್ನು ಹತ್ತು ಹತ್ತು ಸೆಂಟಾಗಿ ನಿಮಗೆ ಮಾರಿ ಹೊರಟುಹೋಗಿರುತ್ತಾನೆ. ಮುಂದಿನ ಸಲ ಗುಡ್ಡ ಕುಸಿದಾಗ ಬೀಳುವ ಮನುಷ್ಯ ನೀವು.

ಏನು ಮಾಡಬೇಕು?

ಒಂದು: ವಿಪತ್ತು ಘೋಷಿಸಿದ ಗ್ರಾಮಗಳಲ್ಲಿ ಐದು ವರ್ಷ ಯಾವ ಜಮೀನು ಮಾರಾಟಕ್ಕೆ ಬಂದರೂ ಅದನ್ನು ಕೊಳ್ಳುವ ಮೊದಲ ಹಕ್ಕು ಸರ್ಕಾರಕ್ಕೋ ಸ್ಥಳೀಯ ಸಹಕಾರ ಸಂಘಕ್ಕೋ ಇರಬೇಕು. ಬೆಲೆ ವಿಪತ್ತಿನ ಹಿಂದಿನ ದಿನದ್ದು. ಮಾರಿದವನು ಚೇತರಿಸಿಕೊಂಡರೆ ಅದೇ ಬೆಲೆಗೆ ಮರಳಿ ಪಡೆಯುವ ಹಕ್ಕು ಅವನಿಗಿರಬೇಕು.

ಎರಡು: ವಿಪತ್ತಿನ ದಿನದಿಂದ ಸಾಲದ ಬಡ್ಡಿ ನಿಲ್ಲಬೇಕು, ಹೊಸ ಗಿಡ ಫಸಲು ಕೊಡುವ ತನಕ ಕಂತು ಕೇಳಬಾರದು.

ಮೂರು: ಕೊಚ್ಚಿಹೋದ ತೋಟದ ಪರಿಹಾರವನ್ನು ಹೆಕ್ಟೇರಿಗಿಷ್ಟು ಎಂಬ ಭಿಕ್ಷೆಯಿಂದ ಬಿಡಿಸಿ, ತೋಟ ಮತ್ತೆ ಕಟ್ಟುವ ಖರ್ಚಿನ ಮೇಲೆ ನಿಗದಿ ಮಾಡಬೇಕು.

ನಾಲ್ಕು: 79ಎ, 79ಬಿ ಕಲಮುಗಳು ಮರಳಿ ಬರಬೇಕು. ತೋಟಗಳಿಗೆ 104ನೆಯ ಕಲಮು ಕೊಟ್ಟ ವಿನಾಯಿತಿ ಸ್ವತಃ ಸಾಗುವಳಿ ಮಾಡುವ ಸಣ್ಣ ಬೆಳೆಗಾರನಿಗೆ ಮಾತ್ರ ಉಳಿಯಬೇಕು.

ಐದು: ಹೀಗೆ ಸಾರ್ವಜನಿಕರ ಕೈಗೆ ಬಂದ ಸುರಕ್ಷಿತ ಭೂಮಿಯಲ್ಲಿ ಮೊದಲ ಪಾಲು ಲೈನ್ ಮನೆಯ ಭೂಹೀನರಿಗೆ. ಕುಸಿಯುವ ಇಳಿಜಾರು ಯಾರಿಗೂ ಬೇಡ, ಅದು ಕಾಡಾಗಲಿ.

ಇವು ಆಗದ ಹೋಗದ ಮಾತುಗಳೆ? ಬಡವನ ಸಹಿ ಯಾವಾಗಲೂ ಸ್ವತಂತ್ರವಾದ ಸಹಿಯಲ್ಲ ಎಂದು ನಮ್ಮ ಕಾಯಿದೆ ಆಗಲೇ ಒಪ್ಪಿದೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ಅನೂರ್ಜಿತ ಎಂದು 1978ರ ಕರ್ನಾಟಕದ ಕಾಯಿದೆ ಹೇಳುತ್ತದೆ. ನೆರೆಯ ಕೇರಳದಲ್ಲಿ ವಯನಾಡಿನ ಸಂತ್ರಸ್ತರ ಊರು ಕಟ್ಟಲು ಸರ್ಕಾರ ಕಲ್ಪೆಟ್ಟದ ಎಲ್ಸ್ಟನ್ ತೋಟದ ಭೂಮಿಯನ್ನೇ ವಶಕ್ಕೆ ತೆಗೆದುಕೊಂಡು 2025ರಲ್ಲಿ ಅಡಿಗಲ್ಲು ಹಾಕಿತು. ತೋಟದ ಒಡೆಯನಿಂದ ಸಂತ್ರಸ್ತನ ಕಡೆಗೂ ಭೂಮಿ ಹರಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗಿರಣಿಯ ಸಂಘದಲ್ಲಿ, ವರ್ತಕರ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಓದಿ, ಚರ್ಚಿಸಿ, ಠರಾವು ಮಾಡಿ ಕಳಿಸಿ. ಮುಂದಿನ ಮಳೆಗಾಲ ಹೇಗೂ ಬರುತ್ತದೆ. ಗುಡ್ಡದ ಮೇಲೆ ಮನೆ ಉರುಳಿದ ಸುದ್ದಿ ಬಂದ ದಿನ ಆ ಊರಿಗೆ ಮೊದಲು ತಲುಪುವವನು ದಲ್ಲಾಳಿಯಾಗಿರಬಾರದು. ಉರಿಯುವ ಮನೆಗೆ ಗಳ ಹಿರಿಯುವ ಕೈಗಿಂತ ನೀರು ಹೊತ್ತ ಕೈ ಮುಂಚೆ ಬರುವಂತೆ ಮಾಡುವುದು ಕಾಯಿದೆಯ ಕೆಲಸ. ಆ ಕಾಯಿದೆಯನ್ನು ಬರೆಸುವುದು ನಮ್ಮ ನಿಮ್ಮ ಕೆಲಸ.